ಹತ್ತು ವರ್ಷದ ಓದು, ಹದಿನಾರು ದಿನದ ಓದು

ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಮೂರು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಬರೆದವರು ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರ ಉದ್ದವಿದೆ. ಬೇಕಾದಷ್ಟು ಮಾತ್ರ ಇಲ್ಲಿದೆ:

"ಹ್ಯಾರಿ ಪಾಟರ್ ಶುರು ಮಾಡಿದಾಗ ನನಗೆ ಹನ್ನೊಂದು. ಕೊನೆಯ ಪುಸ್ತಕ ಮುಚ್ಚಿದಾಗ ಇಪ್ಪತ್ತೊಂದು. ನಡುವೆ ಶಾಲೆ ಮುಗಿಯಿತು, ಕಾಲೇಜು ಮುಗಿಯಿತು, ಒಬ್ಬ ಗೆಳತಿ ದೂರವಾದಳು, ಅಜ್ಜ ತೀರಿಕೊಂಡರು. ಆ ಏಳು ಪುಸ್ತಕಗಳನ್ನು ಇಷ್ಟು ವರ್ಷ ಜೋಪಾನ ಮಾಡಿ, ಮಗಳಿಗೆ ಹತ್ತು ತುಂಬಿದ ದಿನ ಏಳನ್ನೂ ಒಟ್ಟಿಗೆ ಕೊಟ್ಟೆ. ಹದಿನಾರು ದಿನದಲ್ಲಿ ಮುಗಿಸಿದಳು. ಆರನೆಯದರಲ್ಲಿ ನಾನು ಎರಡು ದಿನ ಊಟ ಬಿಟ್ಟಿದ್ದ ಜಾಗಕ್ಕೆ ಬಂದಾಗ 'ಅಯ್ಯೋ ಪಾಪ' ಎಂದು ಏಳನೆಯದನ್ನು ಎತ್ತಿಕೊಂಡಳು. ಕೊನೆಗೆ 'ಚೆನ್ನಾಗಿತ್ತಮ್ಮ, ಮುಂದೆ ಏನು ಓದಲಿ?' ಅಂದಳು. ನನಗೆ ಯಾಕೋ ಅಳು ಬಂತು. ಗಂಡ ನಗುತ್ತಾರೆ, ಮಕ್ಕಳ ಪುಸ್ತಕಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳುತ್ತಾರಾ ಅಂತ. ಒಂದೊಂದಾಗಿ ಕೊಡಬೇಕಿತ್ತಾ? ಅಥವಾ ನಾನೇ ಹಳೆಯದಕ್ಕೆ ಜೋತು ಬಿದ್ದಿದ್ದೇನಾ?"

ಸಹಿಯ ಕೆಳಗೆ ಇನ್ನೆರಡು ಸಾಲು ಇದೆ, ನಮ್ಮ ಪತ್ರಿಕೆಯ ಧಾರಾವಾಹಿಯ ಬಗ್ಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಮಗಳ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಮುಂದೆ ಅದಕ್ಕೆ ನನಗೆ ಪುರುಸೊತ್ತು ಸಿಗಲಿಕ್ಕಿಲ್ಲ. ಆ ಏಳು ಪುಸ್ತಕ ಸೇರಿದರೆ ಬ್ರಿಟನ್ನಿನ ಮುದ್ರಣದಲ್ಲಿ 3,400 ಪುಟ ದಾಟುತ್ತದೆ. ಅಂದರೆ ಹುಡುಗಿ ದಿನಕ್ಕೆ ಇನ್ನೂರಕ್ಕೂ ಜಾಸ್ತಿ ಪುಟ ಓದಿದ್ದಾಳೆ. ಇಷ್ಟವಿಲ್ಲದೆ ಯಾರೂ ಹಾಗೆ ಓದುವುದಿಲ್ಲ. ಎಷ್ಟು ಬೇಗ ಓದಬೇಕು ಅನ್ನುವುದು ಓದುವವರಿಗೆ ಬಿಟ್ಟದ್ದು. ಶಹಬ್ಬಾಸ್ ಅನ್ನಿ, ಅಷ್ಟೇ.

ಈಗ ನಿಮ್ಮ ವಿಷಯ. ನೀವು ಹಳೆಯದಕ್ಕೆ ಜೋತು ಬಿದ್ದಿಲ್ಲ. ನೀವಿಬ್ಬರೂ ಓದಿದ ಪುಸ್ತಕಗಳೇ ಬೇರೆ ಬೇರೆ.

ಸುಮ್ನೆ ಹೇಳುತ್ತಿಲ್ಲ, ಲೆಕ್ಕ ಹಾಕಿ ನೋಡಿ. ಮೊದಲ ಪುಸ್ತಕ ಬಂದದ್ದು 1997ರ ಜೂನ್ 26ಕ್ಕೆ. ಏಳನೆಯದು 2007ರ ಜುಲೈ 21ಕ್ಕೆ. ಕಥೆಯ ಹುಡುಗನಿಗೆ ಶುರುವಿನಲ್ಲಿ ಹನ್ನೊಂದು ತುಂಬುತ್ತದೆ, ಕೊನೆಯ ಯುದ್ಧದ ಹೊತ್ತಿಗೆ ಹದಿನೇಳು. ನಿಮಗೂ ಹನ್ನೊಂದೇ ಇತ್ತು, ಆದರೆ ಮುಗಿಯುವಾಗ ಇಪ್ಪತ್ತೊಂದು. ಅವನ ಸಹಪಾಠಿಯಾಗಿ ಹೊರಟವರು ನೀವು. ಊರು ಸೇರುವ ಹೊತ್ತಿಗೆ ಅವನ ಅಕ್ಕನಾಗಿದ್ದಿರಿ. ಯಾವ ಪುಟದಲ್ಲಿ ಅಕ್ಕನಾದಿರಿ ಅಂತ ಹುಡುಕಿದರೆ ಸಿಗುವುದಿಲ್ಲ. ಅದು ಪುಸ್ತಕಗಳ ನಡುವೆ ಆದದ್ದು.

ನಾಲ್ಕನೆಯದು ಬಂದದ್ದು 2000ದ ಜುಲೈಯಲ್ಲಿ, ಐದನೆಯದು 2003ರ ಜೂನ್‌ನಲ್ಲಿ. ಹತ್ತಿರ ಹತ್ತಿರ ಮೂರು ವರ್ಷ. ಆ ಎರಡು ಪುಸ್ತಕಗಳ ಮಧ್ಯೆ ಅವನಿಗೆ ಕಳೆದದ್ದು ಬೇಸಿಗೆ ರಜೆಯ ಕೆಲವು ವಾರ. ನಿಮಗೆ ಹದಿನಾಲ್ಕು ಹೋಗಿ ಹದಿನೇಳು ಬಂದಿತ್ತು. ಐದನೆಯದರಲ್ಲಿ ಅವನು ಗೆಳೆಯರ ಮೇಲೆ ಎಗರಾಡುತ್ತಾನೆ, ಕಂಡಕಂಡವರಿಗೆ ಕೂಗುತ್ತಾನೆ. ಹದಿನೇಳರ ನೀವು ಹದಿನೈದರ ಅವನನ್ನು ನೋಡಿ 'ಇವನಿಗೇನು ಬಂತು ದೊಡ್ಡ ರೋಗ' ಅಂದುಕೊಂಡಿರಬೇಕು. ಅಥವಾ 'ನಾನೂ ಹೀಗೇ ಆಡುತ್ತಿದ್ದೆ ಅಲ್ವಾ' ಅಂತ ಒಳಗೊಳಗೇ ನಾಚಿಕೊಂಡಿರಬೇಕು. ನಿಮ್ಮ ಮಗಳು ನಾಲ್ಕನೆಯದನ್ನು ರಾತ್ರಿ ಮುಚ್ಚಿ ಐದನೆಯದನ್ನು ಬೆಳಿಗ್ಗೆ ತೆರೆದಳು. ಅವನು ಕೂಗಾಡಿದ್ದು ಅವಳಿಗೂ ಕೇಳಿಸಿದೆ. ಆದರೆ ಹೋಲಿಸಿಕೊಳ್ಳಲು ಅವಳ ಹತ್ತಿರ ಮೂರು ವರ್ಷ ಇರಲಿಲ್ಲ.

ಹ್ಯಾರಿಯ ಶಾಲೆಯ ಆ ಕಪ್ಪು ನಿಲುವಂಗಿಯ ಮೇಷ್ಟ್ರು ಸ್ನೇಪ್ ಒಳ್ಳೆಯವರೋ ಕೆಟ್ಟವರೋ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಓದದವರು ಇನ್ನೂ ಇರಬಹುದು, ಉತ್ತರ ಹೇಳುವುದಿಲ್ಲ. ಆರನೆಯ ಪುಸ್ತಕ 2005ರ ಜುಲೈಯಲ್ಲಿ ಆ ಪ್ರಶ್ನೆಯನ್ನು ಕೈಗಿಟ್ಟು ಹೋಯಿತು. ಎರಡು ವರ್ಷ ಜನ ಅದಕ್ಕೆ ಜಗಳವಾಡಿದರು. ಹಳೆಯ ಪುಸ್ತಕಗಳನ್ನು ವಕೀಲರ ಹಾಗೆ ಕೆದಕಿ ಸಾಕ್ಷಿ ತೆಗೆದರು. ಉತ್ತರ ಇರುವ ಪುಸ್ತಕ ಬಂದಾಗ ಅಮೆರಿಕ ಒಂದರಲ್ಲೇ ಮೊದಲ 24 ಗಂಟೆಯಲ್ಲಿ 83 ಲಕ್ಷ ಪ್ರತಿ ಖರ್ಚಾದವು. ಲಕ್ಷಾಂತರ ಜನ ಒಂದೇ ರಾತ್ರಿ ಒಂದೇ ಪುಟ ತಿರುವಿದರು. ನಿಮ್ಮ ಮಗಳಿಗೆ ಆ ಪ್ರಶ್ನೆ ಬೆಳಿಗ್ಗೆ ಹುಟ್ಟಿ ಎರಡು ದಿನದಲ್ಲಿ ಸತ್ತಿತು. ಜಗಳವಾಡಲು ಜೊತೆಗೆ ಯಾರೂ ಇರಲಿಲ್ಲ, ಪಾಪ.

ಇದು ನನ್ನ ಹಳೆಯ ಹುಚ್ಚು. ಇಪ್ಪತ್ತು ವರ್ಷದಿಂದ ಧಾರಾವಾಹಿ ಪ್ರಕಟಿಸಿ ಪ್ರಕಟಿಸಿ ತಲೆಗೆ ಏರಿದ್ದು. ಸರಣಿಯ ಅರ್ಧ ಕಥೆ ಎರಡು ಪುಸ್ತಕಗಳ ನಡುವಿನ ಖಾಲಿಯಲ್ಲಿ ಇರುತ್ತದೆ, ಆ ಅರ್ಧವನ್ನು ಬರೆಯುವವರು ಓದುಗರು.

ನನ್ನದೇ ಒಂದು ಕಥೆ ಕೇಳಿ. ಚಿಕ್ಕವನಿದ್ದಾಗ ಐದು ಪುಸ್ತಕದ ಒಂದು ಸರಣಿಗೆ ಬಿದ್ದಿದ್ದೆ. ಗ್ರಂಥಾಲಯದಲ್ಲಿ ಮೂರನೆಯದು ಇರಲಿಲ್ಲ. ಯಾರೋ ಒಯ್ದವರು ವಾಪಸ್ ತಂದಿರಲಿಲ್ಲ. ಎರಡನೆಯದರ ಕೊನೆಯಲ್ಲಿ ಮೂವರು ಹುಡುಗರು ಒಂದು ಬಾವಿಗೆ ಇಳಿಯುತ್ತಾರೆ. ನಾಲ್ಕನೆಯದರ ಶುರುವಿನಲ್ಲಿ ಇಬ್ಬರೇ ಇದ್ದಾರೆ, ಜೊತೆಗೆ ಒಂದು ಕುಂಟು ನಾಯಿ. ಮೂರನೆಯವನ ಹೆಸರನ್ನೂ ಯಾರೂ ಎತ್ತುವುದಿಲ್ಲ! ಎರಡು ವರ್ಷ ನಾನು ಆ ಹುಡುಗನನ್ನು ಏನೇನು ಮಾಡಿದೆ ಗೊತ್ತಾ? ಗೆಳೆಯರಿಗಾಗಿ ಪ್ರಾಣ ಕೊಡಿಸಿದೆ. ಪಾತಾಳದಲ್ಲಿ ರಾಜನನ್ನಾಗಿ ಮಾಡಿದೆ. ಅವನೇ ಆ ನಾಯಿಯಾಗಿದ್ದಾನೆ ಎಂದೂ ನಂಬಿದ್ದೆ, ಹಾಗಾಗಿ ನಾಲ್ಕನೆಯದರಲ್ಲಿ ನಾಯಿ ಬೊಗಳಿದಾಗಲೆಲ್ಲ ನನ್ನ ಕಣ್ಣು ತುಂಬುತ್ತಿತ್ತು. ಕೊನೆಗೊಮ್ಮೆ ಮೂರನೆಯದು ಸಿಕ್ಕಿತು. ಹುಡುಗ ಬಾವಿಯಿಂದ ಸುಖವಾಗಿ ಮೇಲೆ ಬಂದು, ಓದಲಿಕ್ಕೆ ಅಂತ ಚಿಕ್ಕಮ್ಮನ ಮನೆಗೆ ಹೋಗಿದ್ದ. ನಾಯಿ ದಾರಿಯಲ್ಲಿ ಸಿಕ್ಕಿದ್ದು.

ಲೇಖಕರ ಕಥೆ ಈಗ ಪೂರ್ತಿ ಮರೆತಿದೆ. ನಾನು ಕಟ್ಟಿದ್ದು ಇನ್ನೂ ನೆನಪಿದೆ.

ಮಕ್ಕಳು ಖಾಲಿ ಜಾಗವನ್ನು ಸುಮ್ಮನೆ ಬಿಡುವುದಿಲ್ಲ. ಓಜ್ ಎಂಬ ದೇಶದ ಕಥೆಗಳನ್ನು ಬರೆದ ಎಲ್. ಫ್ರಾಂಕ್ ಬಾಮ್‌ಗೆ ಇದು ಚೆನ್ನಾಗಿ ಗೊತ್ತಾಯಿತು. 1900ರಲ್ಲಿ ಶುರು ಮಾಡಿದ ಸರಣಿ, 1910ರ ಹೊತ್ತಿಗೆ ಅವರಿಗೆ ಸಾಕಾಗಿತ್ತು. ಆರನೆಯ ಪುಸ್ತಕದಲ್ಲಿ ಓಜ್ ದೇಶವನ್ನು ಹೊರಗಿನ ಯಾರ ಕಣ್ಣಿಗೂ ಕಾಣದ ಹಾಗೆ ಮಾಡಿ, ಇನ್ನು ಅಲ್ಲಿಂದ ಸುದ್ದಿ ಬರುವುದಿಲ್ಲ ಎಂದು ಬಾಗಿಲು ಹಾಕಿದರು. ಮಕ್ಕಳು ಬಿಟ್ಟಾರೆಯೇ? ಕಾಗದದ ಮೇಲೆ ಕಾಗದ. ವೈರ್‌ಲೆಸ್ ಟೆಲಿಗ್ರಾಫ್‌ನಲ್ಲಿ ಮಾತಾಡಬಹುದಲ್ಲ ಎಂದು ಒಂದು ಮಗು ಉಪಾಯ ಹೇಳಿತಂತೆ. 1913ರ ಏಳನೆಯ ಪುಸ್ತಕದ ಮುನ್ನುಡಿಯಲ್ಲಿ ಬಾಮ್ ಇದನ್ನು ತಾವೇ ಒಪ್ಪಿಕೊಂಡು ಮತ್ತೆ ಕಥೆ ಶುರು ಮಾಡಿದರು. ಕೊನೆಗೆ ಅವರ ಹೆಸರಲ್ಲಿ ಹದಿನಾಲ್ಕು ಓಜ್ ಪುಸ್ತಕಗಳಾದವು. ಆ ಮಗುವಿಗೆ ಹದಿನಾಲ್ಕೂ ಒಟ್ಟಿಗೆ ಪೆಟ್ಟಿಗೆಯಲ್ಲಿ ಸಿಕ್ಕಿದ್ದರೆ ಟೆಲಿಗ್ರಾಫ್ ಯಾಕೆ ಹೊಳೆಯುತ್ತಿತ್ತು?

ಪೆಟ್ಟಿಗೆ ಅಂದೆ. ನನಗೆ ಸಿಟ್ಟು ಬರುವುದೇ ಆ ಬಾಕ್ಸ್ ಸೆಟ್ ಮೇಲೆ. ಅದರಲ್ಲೂ ನಾರ್ನಿಯಾದ ಏಳು ಪುಸ್ತಕಗಳಿಗೆ ಆದದ್ದು ನೋಡಿದರೆ. ಸಿ. ಎಸ್. ಲೂಯಿಸ್ ಅವುಗಳನ್ನು 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಪ್ರಕಟಿಸಿದರು. ಮೊದಲನೆಯದರಲ್ಲಿ ಒಬ್ಬ ಪುಟ್ಟ ಹುಡುಗಿ ಬಟ್ಟೆಯ ಬೀರುವಿನೊಳಗೆ ಹೊಕ್ಕು ಹಿಮದ ಕಾಡಿಗೆ ಕಾಲಿಡುತ್ತಾಳೆ. ಕಾಡಿನ ನಡುವೆ ಒಂದು ಬೀದಿ ದೀಪ ಉರಿಯುತ್ತಿದೆ. ಬೀದಿಯೇ ಇಲ್ಲ, ದೀಪ ಇದೆ! ಯಾರು ನೆಟ್ಟರು, ಯಾಕೆ ನೆಟ್ಟರು, ಒಂದೂ ಹೇಳುವುದಿಲ್ಲ. ಆ ದೀಪ ಅಲ್ಲಿಗೆ ಬಂದದ್ದು ಹೇಗೆ ಎಂಬುದು 1955ರ ಆರನೆಯ ಪುಸ್ತಕದಲ್ಲಿದೆ. ಅಂದಿನ ಮಕ್ಕಳ ತಲೆಯಲ್ಲಿ ಆ ದೀಪ ಐದು ವರ್ಷ ಉತ್ತರವಿಲ್ಲದೆ ಉರಿಯಿತು. ಈಗ ಏನಾಗಿದೆ ಅಂದರೆ, ಕಥೆಯೊಳಗಿನ ಕಾಲದ ಪ್ರಕಾರ ಆ ಆರನೆಯದೇ ಮೊದಲು ಎಂದು 1994ರಲ್ಲಿ ಪ್ರಕಾಶಕರು ಸಂಖ್ಯೆ ಬದಲಿಸಿದರು. ಮಗುವಿಗೆ ಈಗ ಉತ್ತರ ಮೊದಲು ಸಿಗುತ್ತದೆ, ಪ್ರಶ್ನೆ ಆಮೇಲೆ. ಹಿಮದಲ್ಲಿ ದೀಪ ಕಂಡಾಗ 'ಓ, ಇದಾ' ಅನ್ನುತ್ತದೆ.

ಇದಕ್ಕೆ ಲೂಯಿಸ್ ಅವರದೇ ಒಪ್ಪಿಗೆ ಇತ್ತು ಅನ್ನುತ್ತಾರೆ. ಇತ್ತು, ಸ್ವಲ್ಪ. 1957ರಲ್ಲಿ ಅಮೆರಿಕದ ಒಬ್ಬ ಹುಡುಗ ಕಾಗದ ಬರೆದು, ಯಾವ ಕ್ರಮದಲ್ಲಿ ಓದಬೇಕೆಂದು ತನಗೂ ಅಮ್ಮನಿಗೂ ವಾದ ಆಗಿದೆ ಎಂದು ಕೇಳಿದ್ದ. ಪ್ರಕಟವಾದ ಕ್ರಮವೇ ಸರಿ ಅನ್ನುವುದು ಅಮ್ಮನ ವಾದ. ಲೂಯಿಸ್ ಮಗನ ಕಡೆ ವಾಲಿದರು. ಅದೇ ಕಾಗದದಲ್ಲಿ, ಯಾವ ಕ್ರಮದಲ್ಲಿ ಓದಿದರೂ ಬಹುಶಃ ಅಷ್ಟೇನೂ ವ್ಯತ್ಯಾಸವಿಲ್ಲ ಎಂದೂ ಬರೆದರು. ಅದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಬರೆದವರ ಮಾತಿಗೆ ಎದುರಾಡಬಾರದು, ಆದರೂ ನಾನು ಆ ಅಮ್ಮನ ಪಕ್ಷ. ನೀವೂ ಅದೇ ಪಕ್ಷ ಎಂದು ನಿಮ್ಮ ಪತ್ರ ಹೇಳುತ್ತಿದೆ.

ಇನ್ನು ನಿಮ್ಮ ಯಜಮಾನರ ನಗು. ಅವರಿಗೆ ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಸರಣಿಯ ವಿಷಯ ಹೇಳಿ. ಮೊದಲ ಮೂರು ಪುಸ್ತಕ 1968, 1971, 1972ರಲ್ಲಿ ಬಂದವು. ಎರಡನೆಯದರಲ್ಲಿ ತೆನಾರ್ ಎಂಬ ಹುಡುಗಿ ಇದ್ದಾಳೆ. ನೆಲದಡಿಯ ಕತ್ತಲ ಗೋರಿಗಳಿಗೆ ಪೂಜಾರಿಣಿ. ಒಬ್ಬ ಮಾಂತ್ರಿಕ ಅಲ್ಲಿಗೆ ಬರುತ್ತಾನೆ, ಅವಳು ಅವನ ಜೊತೆ ಹೊರಗೆ ಬೆಳಕಿಗೆ ಬರುತ್ತಾಳೆ. ಮೂರಕ್ಕೆ ಸರಣಿ ಮುಗಿಯಿತು ಎಂದು ಎಲ್ಲರೂ ತಿಳಿದರು. ಹದಿನೆಂಟು ವರ್ಷ ಆದಮೇಲೆ, 1990ರಲ್ಲಿ, ನಾಲ್ಕನೆಯದು ಬಂತು.

ಅದನ್ನು ತೆರೆದರೆ ತೆನಾರ್ ನಡುವಯಸ್ಸಿನ ಹೆಂಗಸು. ಒಬ್ಬ ರೈತನನ್ನು ಮದುವೆಯಾಗಿ, ಮಕ್ಕಳನ್ನು ಸಾಕಿ, ಗಂಡನನ್ನು ಕಳೆದುಕೊಂಡು ತೋಟದ ಮನೆಯಲ್ಲಿದ್ದಾಳೆ. ಬೆಂಕಿಯಲ್ಲಿ ಬೆಂದ ಒಂದು ಮಗುವನ್ನು ನೋಡಿಕೊಳ್ಳುತ್ತಿದ್ದಾಳೆ. ಆ ಮಹಾ ಮಾಂತ್ರಿಕ ಮರಳಿ ಬರುತ್ತಾನೆ, ಮಂತ್ರಶಕ್ತಿ ಪೂರ್ತಿ ಕಳೆದುಕೊಂಡು. ಪಾತ್ರೆ ತೊಳೆಯುವುದು ಯಾರು ಎಂಬ ಮಾತೂ ಆ ಪುಸ್ತಕದಲ್ಲಿ ಬರುತ್ತದೆ. ಕೆಲವು ಓದುಗರಿಗೆ ಸಿಟ್ಟೇ ಬಂತು. ನಮ್ಮ ಮಾಂತ್ರಿಕನನ್ನು ಹೀಗೆ ಮಾಡಿದರಲ್ಲ ಅಂತ. ಆದರೆ ಯೋಚಿಸಿ, ಹನ್ನೆರಡರಲ್ಲಿ ಮೂರನೆಯದನ್ನು ಓದಿದ್ದ ಹುಡುಗಿಗೆ 1990ರಲ್ಲಿ ಮೂವತ್ತು. ಅವಳೂ ಮನೆ, ಮಕ್ಕಳು, ಯಾರದೋ ಸಾವು ಎಲ್ಲವನ್ನೂ ನೋಡಿ ಬಂದಿದ್ದಳು. ಬರೆದವರಿಗೂ ಆಗ ಅರವತ್ತು. ಪಾತ್ರ, ಲೇಖಕಿ, ಓದುಗಳು ಮೂವರೂ ಬೆಳೆದು ಮತ್ತೆ ಭೇಟಿಯಾದರು. ನಾಲ್ಕನೆಯದಕ್ಕೆ 'ಅರ್ಥ್‌ಸೀಯ ಕೊನೆಯ ಪುಸ್ತಕ' ಎಂಬ ಉಪಶೀರ್ಷಿಕೆಯನ್ನೇ ಹಾಕಿದ್ದರು. 2001ರಲ್ಲಿ ಇನ್ನೆರಡು ಬಂದವು. ನನಗೆ ಇದು ಬಹಳ ಇಷ್ಟ. ಕೊನೆ ಎಂದು ಹೇಳಿ ಆಮೇಲೆ ನಾಲಿಗೆ ಕಚ್ಚಿಕೊಳ್ಳುವ ಲೇಖಕರನ್ನು ನಂಬಬಹುದು.

ಅದೇ ಲೆ ಗ್ವಿನ್ 1974ರ ಒಂದು ಪ್ರಬಂಧದಲ್ಲಿ, ದೊಡ್ಡವರು ಅಂದರೆ ಸತ್ತುಹೋದ ಮಗು ಅಲ್ಲ, ಬದುಕಿ ಉಳಿದ ಮಗು ಎಂಬ ಅರ್ಥದ ಮಾತು ಬರೆದಿದ್ದಾರೆ. ಯಜಮಾನರಿಗೆ ಓದಿ ಹೇಳಿ. ನಗುವುದಾದರೆ ಆಮೇಲೆ ನಗಲಿ.

ಅವರೊಬ್ಬರನ್ನೇ ಯಾಕೆ ಅನ್ನಬೇಕು? ನಿಮ್ಮ ಹ್ಯಾರಿಯನ್ನು ದೊಡ್ಡವರೂ ಓದುತ್ತಿದ್ದಾರೆ ಎಂದು ಗೊತ್ತಾದಾಗ ಬ್ರಿಟನ್ನಿನ ಪ್ರಕಾಶಕರು ಅದೇ ಪುಸ್ತಕಕ್ಕೆ ಗಂಭೀರವಾದ ಬೇರೆ ಮುಖಪುಟ ಹಾಕಿ ಮಾರಿದರು. ಒಳಗೆ ಒಂದು ಅಕ್ಷರ ಬದಲಾಗಿಲ್ಲ, ಹೊರಗಿನ ಅಂಗಿ ಮಾತ್ರ. ಅಮೆರಿಕದ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇನ್ನೂ ತಮಾಷೆ ನಡೆಯಿತು. ಅದರ ಜಾಸ್ತಿ ಮಾರಾಟವಾಗುವ ಪುಸ್ತಕಗಳ ಪಟ್ಟಿಯಲ್ಲಿ ಮೊದಲ ಮೂರು ಪುಸ್ತಕಗಳು ಕದಲದೆ ಕೂತಿದ್ದವು, ನಾಲ್ಕನೆಯದೂ ಬರುತ್ತಿತ್ತು. 2000ದ ಜುಲೈಯಲ್ಲಿ ಮಕ್ಕಳ ಪುಸ್ತಕಕ್ಕೇ ಬೇರೆ ಪಟ್ಟಿ ಮಾಡಿ ಅವನ್ನು ಅಲ್ಲಿಗೆ ಎತ್ತಿ ಹಾಕಿದರು. ಮದುವೆ ಮನೆಯಲ್ಲಿ ಮಕ್ಕಳಿಗೆ ಬೇರೆ ಪಂಕ್ತಿ ಹಾಕಿದ ಹಾಗೆ. ಮಕ್ಕಳ ಪುಸ್ತಕ ಅಂದರೆ ವಿಮರ್ಶಕರು ಇವತ್ತಿಗೂ ಎರಡು ಸಾಲು ಬರೆದು ಕೈ ತೊಳೆಯುತ್ತಾರೆ. ನಮ್ಮ ಪತ್ರಿಕೆಗೆ ವಿಮರ್ಶೆ ಬರೆಯುವವರೊಬ್ಬರಿಗೆ ಮಕ್ಕಳ ಕಾದಂಬರಿಯೊಂದನ್ನು ಕಳಿಸಿದ್ದೆ. 'ತಪ್ಪಿ ಬಂದಿದೆ' ಎಂದು ವಾಪಸ್ ಕಳಿಸಿದರು.

ಇಷ್ಟೆಲ್ಲ ಆದರೂ ಒಬ್ಬ ಮಗು ಹೇಳಿದ್ದನ್ನು ದೊಡ್ಡವರು ಕೇಳಿದ್ದೂ ಇದೆ. 1936ರಲ್ಲಿ ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್, ಜೆ. ಆರ್. ಆರ್. ಟೋಲ್ಕಿನ್ ಅವರ 'ಹಾಬಿಟ್' ಹಸ್ತಪ್ರತಿಯನ್ನು ಹತ್ತು ವರ್ಷದ ಮಗ ರೇನರ್‌ಗೆ ಕೊಟ್ಟರು. ಹುಡುಗ ಓದಿ, ಚೆನ್ನಾಗಿದೆ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಹಿಡಿಸುತ್ತದೆ ಎಂದು ಬರೆದು ಒಂದು ಶಿಲ್ಲಿಂಗ್ ಸಂಪಾದಿಸಿದ. ತಾನು ಹತ್ತರವನು, ದೊಡ್ಡವನು ನೋಡಿ! ಪುಸ್ತಕ 1937ರಲ್ಲಿ ಬಂತು. ಮುಂದಿನ ಕಥೆ ಬರೆದು ಮುಗಿಸಲು ಟೋಲ್ಕಿನ್‌ಗೆ ವರ್ಷಗಳೇ ಹಿಡಿದವು. ಅಷ್ಟರಲ್ಲಿ ರೇನರ್ ಬೆಳೆದು ಅಪ್ಪನ ಸಂಸ್ಥೆಯಲ್ಲೇ ಕೆಲಸಕ್ಕಿದ್ದ. ಇದರಿಂದ ಸಾವಿರ ಪೌಂಡ್ ನಷ್ಟವಾಗಬಹುದು, ಆದರೆ ಇದು ಮೇಧಾವಿಯ ಕೃತಿ ಎಂದು ಪ್ರವಾಸದಲ್ಲಿದ್ದ ಅಪ್ಪನಿಗೆ ಬರೆದ. ಹಾಗೆ ನಂಬಿದ್ದರೆ ಸಾವಿರ ಪೌಂಡ್ ಕಳೆದುಕೋ ಎಂದು ಅಪ್ಪ ಉತ್ತರ ಕೊಟ್ಟರು. 'ಲಾರ್ಡ್ ಆಫ್ ದ ರಿಂಗ್ಸ್' ಹೊರಬಿದ್ದದ್ದು ಹೀಗೆ, 1954 ಮತ್ತು 55ರಲ್ಲಿ, ಮೂರು ಸಂಪುಟವಾಗಿ. ಅಲ್ಲೂ ನೋಡಿ, ಎರಡನೆಯ ಸಂಪುಟ ನಾಯಕನನ್ನು ಶತ್ರುಗಳ ಕೈಗೆ ಸಿಕ್ಕಿಸಿ ನಿಂತಿತು. ಮೂರನೆಯದಕ್ಕೆ ಹನ್ನೊಂದು ತಿಂಗಳು ತಡ, ಕೊನೆಯ ಅನುಬಂಧಗಳು ಮುಗಿಯದೆ. ಓದುಗರು ಸಿಟ್ಟಿನ ಕಾಗದ ಬರೆದರು. ನಮಗೆ ಬರುವ ಹಾಗೆಯೇ.

ಈಗ ನನ್ನ ಗೋಳು ಸ್ವಲ್ಪ. ಧಾರಾವಾಹಿಯ ಪ್ರತಿ ಕಂತಿನ ಕೆಳಗೆ ನಾವು 'ಸಶೇಷ' ಎಂದು ಹಾಕುತ್ತೇವೆ. ಶೇಷ ಇದೆ, ಇನ್ನೂ ಉಳಿದಿದೆ ಅಂತ. ಈಚೆಗೆ ಓದುಗರಿಗೆ ಆ ಪದ ಕಂಡರೆ ಆಗುವುದಿಲ್ಲ. ಪೂರ್ತಿ ಬಂದಮೇಲೆ ಒಟ್ಟಿಗೆ ಓದುತ್ತೇವೆ ಅನ್ನುತ್ತಾರೆ. ಎಲ್ಲರೂ ಹಾಗೆ ಕೂತರೆ ಅದು ಪೂರ್ತಿ ಆಗುವುದೇ ಇಲ್ಲ ಎಂಬುದು ಹೊಳೆಯುವುದಿಲ್ಲ. ಮೊದಲ ಭಾಗ ಯಾರೂ ಕೊಳ್ಳದಿದ್ದರೆ ಮೂರನೆಯದಕ್ಕೆ ಯಾವ ಪ್ರಕಾಶಕರು ಕೈ ಹಾಕುತ್ತಾರೆ? ಇನ್ನು ಕೆಲವರು ಕೊನೆ ಏನಾಗುತ್ತದೆ ಅಂತ ಮೊದಲೇ ತಿಳಿದುಕೊಂಡು, ಇಷ್ಟವಾದರೆ ಶುರು ಮಾಡುತ್ತಾರೆ. ಟಿವಿ ಸರಣಿ ನೋಡುವ ಅಭ್ಯಾಸ ಇಲ್ಲಿಗೂ ಬಂತು. ಹತ್ತು ಕಂತು ಒಂದೇ ರಾತ್ರಿ. ಬೆಳಿಗ್ಗೆ ಎದ್ದರೆ ಕಣ್ಣು ಕೆಂಪು, ಪಾತ್ರಗಳ ಹೆಸರು ನೆನಪಿಲ್ಲ.

ಇದನ್ನೆಲ್ಲ ನಮ್ಮ ಕಚೇರಿಯಲ್ಲಿ ಪ್ರೂಫ್ ನೋಡುವ ಹುಡುಗನ ಮುಂದೆ ಹೇಳಿದೆ. ಅವನು ತಲೆ ಎತ್ತದೆ, "ಸಾರ್, ನೀವೇನು ಬೇಕು ಅಂತ ಕಾದಿರಾ? ಬೇರೆ ದಾರಿ ಇರಲಿಲ್ಲ, ಕಾದಿರಿ. ಆ ಮೂರನೇ ಪುಸ್ತಕ ಪಕ್ಕದಲ್ಲೇ ಇದ್ದಿದ್ದರೆ ಅವತ್ತೇ ಓದುತ್ತಿದ್ದಿರಿ" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅವನ ಮಾತು ನಿಮಗೂ ಸಲ್ಲುತ್ತದೆ. ನಿಮ್ಮ ಹತ್ತು ವರ್ಷದ ಕಾಯುವಿಕೆ ಪ್ರಕಾಶಕರು ಕೊಟ್ಟದ್ದು, ನೀವು ಆರಿಸಿಕೊಂಡದ್ದಲ್ಲ. ಈಗ ಮಗಳಿಗೆ ವರ್ಷಕ್ಕೊಂದು ಪುಸ್ತಕ ಎಂದು ಬೀರುವಿಗೆ ಬೀಗ ಹಾಕಿದ್ದರೆ ಅವಳು ಗೆಳತಿಯ ಮನೆಯಲ್ಲಿ ಓದಿ ಮುಗಿಸುತ್ತಿದ್ದಳು. ಅದಕ್ಕೇ ಒಂದೊಂದಾಗಿ ಕೊಡಬೇಕಿತ್ತು ಎಂದು ನಾನು ಹೇಳುವುದಿಲ್ಲ. ಹೇಳಬೇಕು ಅಂತ ಬಹಳ ಆಸೆ ಇದೆ, ಆದರೂ ಹೇಳುವುದಿಲ್ಲ.

ಬೈಯುವುದಾದರೆ ಇಷ್ಟೇ. ಮಗಳ ಕೈಗೆ ಪುಸ್ತಕದ ಜೊತೆ ನಿಮ್ಮ ಹತ್ತು ವರ್ಷವನ್ನೂ ಇಟ್ಟು, ಅದಕ್ಕೆ ರಸೀದಿ ಕೇಳಿದಿರಿ. ಅಜ್ಜ ತೀರಿಕೊಂಡದ್ದು ಯಾವ ಪುಸ್ತಕದ ಕಾಲದಲ್ಲಿ ಅಂತ ಅವಳಿಗೆ ಹೇಳಿದ್ದೀರಾ? ಆ ಗೆಳತಿ ಮೇಷ್ಟ್ರ ವಿಷಯದಲ್ಲಿ ಯಾವ ಪಕ್ಷ ಅಂತ? ನಿಮ್ಮ ಪತ್ರದಲ್ಲಿ ಅದೇನೂ ಇಲ್ಲ. ನಡುವಿನ ಆ ಭಾಗಗಳು ನಿಮ್ಮೊಬ್ಬರ ಹತ್ತಿರವೇ ಇವೆ. ಅವಳಿಗೆ ಬೇಕಾದಾಗ ಕೇಳುತ್ತಾಳೆ. ಹದಿನಾಲ್ಕಕ್ಕೋ, ಹದಿನೇಳಕ್ಕೋ, ಯಾರ ಮೇಲೋ ಕೂಗಾಡಿ ಬಾಗಿಲು ಹಾಕಿಕೊಂಡ ದಿನ ಐದನೆಯದನ್ನು ಮತ್ತೆ ಎತ್ತಿಕೊಂಡರೂ ಎತ್ತಿಕೊಂಡಾಳು. ಪುಸ್ತಕಗಳು ಕೈಗೆ ಎಟುಕುವ ಜಾಗದಲ್ಲಿರಲಿ.

ಮುಂದೆ ಏನು ಓದಲಿ ಎಂದು ಕೇಳಿದ್ದಾಳಲ್ಲ, ಅರ್ಥ್‌ಸೀಯ ಮೊದಲ ಮೂರು ಕೊಡಿ. ನಾಲ್ಕನೆಯದನ್ನು ನೀವು ಓದಿ.

ಇನ್ನು ಸಹಿಯ ಕೆಳಗಿನ ಆ ಎರಡು ಸಾಲು. "ನಿಮ್ಮ ಧಾರಾವಾಹಿಯಲ್ಲಿ ದೋಣಿ ಮುಳುಗಿದೆ. ಆ ಹುಡುಗಿ ಬದುಕುತ್ತಾಳೆ ತಾನೇ? ನನಗೊಬ್ಬಳಿಗೆ ಹೇಳಿ, ಯಾರಿಗೂ ಹೇಳುವುದಿಲ್ಲ" ಎಂದಿದ್ದೀರಿ. ಇಷ್ಟು ಉದ್ದದ ಪತ್ರ ಬರೆದು, ಕೊನೆಗೆ ಇದನ್ನು ಕೇಳುತ್ತೀರಲ್ಲ!

ಮುಂದಿನ ಸಂಚಿಕೆ ನೋಡಿ.